ನಡುದಾರಿಯಷ್ಟೇ ಅಂತರರಾಷ್ಟ್ರೀಯ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಮೇಷ್ಟರಾಗಿದ್ದವರು. ಉನ್ನತ ಶಿಕ್ಷಣದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಅದು ಕನ್ನಡದಲ್ಲೇ ಇರಬೇಕು ಎಂದು ಷರತ್ತು ಹಾಕಿಟ್ಟಿದ್ದಾರೆ. ಆ ಷರತ್ತಿನಿಂದ ನನಗೆ ಉಪಕಾರವೇ ಆಯಿತು. ನಾನು ಇವತ್ತು ಎತ್ತಿಕೊಂಡಿರುವ ವಿಷಯದ ಬಗ್ಗೆ ಇಂಗ್ಲಿಷಿನಲ್ಲಿ ಸಲಹೆಗಳ ರಾಶಿಯೇ ಬಿದ್ದಿದೆ. ಅವುಗಳನ್ನು ಬರೆದವರು ಯಾವ ದೇಶದ ಯಾವ ಕುರ್ಚಿಯಲ್ಲಿ ಕೂತು ಬರೆದರು ಎಂಬುದು ಮಾತ್ರ ಅಲ್ಲಿ ಕಾಣುವುದಿಲ್ಲ. ಕನ್ನಡದಲ್ಲಿ ಮಾತಾಡಲು ನಿಂತವನು ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಮರೆಸಲಾರ.

ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಸಾರ್, ಹೊರದೇಶದಲ್ಲಿ ಪಿಎಚ್‌ಡಿ ಮಾಡಿದರೆ ಆಮೇಲೆ ಏನಾಗುತ್ತೆ?’ ಕೇಳುವವರಲ್ಲಿ ಸಮಾಜಶಾಸ್ತ್ರ, ಇತಿಹಾಸ, ಭಾಷಾವಿಜ್ಞಾನದವರೇ ಹೆಚ್ಚು. ಎಂಜಿನಿಯರಿಂಗಿನವರು ಕೇಳುವುದು ಕಡಿಮೆ. ಅವರಿಗೆ ಕಂಪನಿಗಳು ಆಗಲೇ ಉತ್ತರ ಕೊಟ್ಟಿರುತ್ತವೆ. ಹಾಗಾಗಿ ನಾನು ನನ್ನ ಶಾಸ್ತ್ರದ, ಅಂದರೆ ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರದ, ಮಾತನ್ನೇ ಆಡುತ್ತೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಪ್ಪದವರಿಗೆ ವಾದ ಕಟ್ಟಿಕೊಳ್ಳಲು ಸಮಯ ಸಿಗಲಿ. ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಅನ್ನುವುದು ಎಲ್ಲೂ ಇಲ್ಲ. ಇರುವುದು ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳು, ಒಂದೊಂದಕ್ಕೂ ಅದರದೇ ಬಾಗಿಲು, ಅದರದೇ ಚಿಲಕ. ಒಬ್ಬ ವಿದ್ವಾಂಸನ ಬದುಕಿನ ಆರಂಭವೂ ರಾಷ್ಟ್ರೀಯ, ಕೊನೆಯ ಕಾಯಂ ಹುದ್ದೆಯೂ ರಾಷ್ಟ್ರೀಯ. ನಡುವಿನ ಗುತ್ತಿಗೆಯ ವರ್ಷಗಳು, ಅಂದರೆ ಪಿಎಚ್‌ಡಿ ಫೆಲೋಶಿಪ್ಪು, ಪೋಸ್ಟ್‌ಡಾಕ್, ಎರಡು ವರ್ಷದ ಪ್ರಾಜೆಕ್ಟು, ಇವು ಮಾತ್ರ ಅಂತರರಾಷ್ಟ್ರೀಯ. ಆ ನಡುದಾರಿ ಒಂದು ದೊಡ್ಡ ಬಸ್ ನಿಲ್ದಾಣದ ಹಾಗೆ: ಯಾವ ಊರಿನವರಾದರೂ ಬಂದು ನಿಲ್ಲಬಹುದು, ಮನೆ ಕಟ್ಟಲು ಮಾತ್ರ ಬಿಡುವುದಿಲ್ಲ.

ಇದನ್ನು ನೋಡಲು ಜರ್ಮನಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 1917ರ ನವೆಂಬರ್ 7ರಂದು ಮ್ಯೂನಿಕ್ ನಗರದ ಪುಸ್ತಕದಂಗಡಿಯೊಂದರ ಸಭಾಂಗಣದಲ್ಲಿ, ವಿದ್ಯಾರ್ಥಿ ಸಂಘಟನೆಯೊಂದರ ಕರೆಗೆ ಓಗೊಟ್ಟು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಒಂದು ಉಪನ್ಯಾಸ ಕೊಟ್ಟರು. ವಿದ್ವತ್ತನ್ನು ಬದುಕಿನ ವೃತ್ತಿಯಾಗಿ ಹಿಡಿಯುವುದು ಎಂದರೇನು ಎಂಬುದು ವಿಷಯ. ಅದು 1919ರಲ್ಲಿ ಅಚ್ಚಾಯಿತು. ನಮ್ಮ ತರಗತಿಗಳಲ್ಲಿ ಅದರ ಎರಡನೆಯ ಅರ್ಧವನ್ನೇ, ಮೌಲ್ಯ ಮತ್ತು ಜ್ಞಾನದ ಚರ್ಚೆಯನ್ನೇ, ಹೆಚ್ಚು ಪಾಠ ಮಾಡುತ್ತೇವೆ. ಆದರೆ ವೆಬರ್ ಶುರು ಮಾಡಿದ್ದು ಸಂಬಳದಿಂದ. ಜರ್ಮನಿಯಲ್ಲಿ ಹೊಸದಾಗಿ ಪಾಠಕ್ಕೆ ನಿಂತವನಿಗೆ ಸಂಬಳವೇ ಇಲ್ಲ, ವಿದ್ಯಾರ್ಥಿಗಳು ಕೊಡುವ ಶುಲ್ಕವಷ್ಟೇ ಆದಾಯ. ಆದ್ದರಿಂದ ಮನೆಯಲ್ಲಿ ಹಣವಿದ್ದವನೇ ಈ ದಾರಿ ಹಿಡಿಯಬಲ್ಲ. ಅಮೆರಿಕದಲ್ಲಿ ಹಾಗಲ್ಲ; ಮೊದಲ ದಿನದಿಂದ ಸಣ್ಣ ಸಂಬಳವಿದೆ, ಬದಲಿಗೆ ಕತ್ತೆಯ ಹಾಗೆ ದುಡಿಯಬೇಕು, ಯಾವಾಗ ಬೇಕಾದರೂ ಕಳಿಸಿಬಿಡಬಹುದು. ತಾನು ಚಿಕ್ಕ ವಯಸ್ಸಿನಲ್ಲಿ ಪ್ರಾಧ್ಯಾಪಕನಾದದ್ದರಲ್ಲಿ ಅದೃಷ್ಟದ ಪಾಲು ದೊಡ್ಡದು ಎಂದೂ ಅವರು ಸಭೆಯೆದುರೇ ಹೇಳಿಕೊಂಡರು. ಯಹೂದಿ ಯುವಕರು ಈ ದಾರಿಯ ಬಗ್ಗೆ ಸಲಹೆ ಕೇಳಿ ಬಂದರೆ ಆಸೆ ಬಿಡಿ ಎನ್ನದೆ ವಿಧಿಯಿಲ್ಲ ಎಂಬ ಕಹಿಯನ್ನೂ ಮುಚ್ಚಿಡಲಿಲ್ಲ. ಸಾಧನೆಯ ಗುಟ್ಟು ಹೇಳುತ್ತೇನೆಂದು ನಿಲ್ಲುವ ಇವತ್ತಿನ ಭಾಷಣಕಾರರಿಗಿಂತ ನೂರು ವರ್ಷ ಹಿಂದಿನ ಈ ಮನುಷ್ಯ ಹೆಚ್ಚು ಪ್ರಾಮಾಣಿಕ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಈಗ ಅಲ್ಲಿ ಹೊಸಬರಿಗೆ ಸಂಬಳವಿದೆ, ಇಲ್ಲದ್ದು ಕಾಲ. 2007ರಲ್ಲಿ ಅಲ್ಲಿ ಬಂದ ಕಾನೂನಿನ ಪ್ರಕಾರ ವಿಶ್ವವಿದ್ಯಾಲಯ ಒಬ್ಬರನ್ನು ಪಿಎಚ್‌ಡಿಗೆ ಮುಂಚೆ 6 ವರ್ಷ, ಆದಮೇಲೆ 6 ವರ್ಷ ಗುತ್ತಿಗೆಯಲ್ಲಿ ಇಟ್ಟುಕೊಳ್ಳಬಹುದು. ವೈದ್ಯಶಾಸ್ತ್ರದಲ್ಲಿ ಎರಡನೆಯ ಅವಧಿ 9 ವರ್ಷ. ಮಗುವಿದ್ದರೆ ಮಗುವಿಗೆ ಎರಡೆರಡು ವರ್ಷ ಸೇರುತ್ತದೆ. ಅಷ್ಟರೊಳಗೆ ಕಾಯಂ ಪ್ರಾಧ್ಯಾಪಕನಾಗದಿದ್ದರೆ ಹೊರಗಿನಿಂದ ಬಂದ ಯೋಜನೆಯ ಹಣದಲ್ಲಿ ಅಲ್ಲಿ ಇಲ್ಲಿ ತಳ್ಳಬೇಕು, ಇಲ್ಲವೇ ವಿದ್ವತ್ತಿಗೇ ನಮಸ್ಕಾರ ಹಾಕಬೇಕು. ಪ್ರಾಧ್ಯಾಪಕರನ್ನು ಬಿಟ್ಟರೆ, 45 ವರ್ಷದೊಳಗಿನ ವಿಶ್ವವಿದ್ಯಾಲಯದ ಸಂಶೋಧಕರಲ್ಲಿ ಹತ್ತರಲ್ಲಿ ಒಂಬತ್ತು ಜನ ಗುತ್ತಿಗೆಯವರು. ಈ ವ್ಯವಸ್ಥೆಯನ್ನು ಹೊಗಳಲು ಅಲ್ಲಿನ ಕೇಂದ್ರ ಸಚಿವಾಲಯ ಹಾನ್ನಾ ಎಂಬ ಕಾಲ್ಪನಿಕ ಜೀವಶಾಸ್ತ್ರಜ್ಞೆಯನ್ನಿಟ್ಟು ಒಂದು ಕಾರ್ಟೂನ್ ವಿಡಿಯೊ ಮಾಡಿತ್ತು. ಒಂದೇ ತಲೆಮಾರು ಎಲ್ಲ ಹುದ್ದೆಗಳನ್ನೂ ಹಿಡಿದು ಕೂತರೆ ವ್ಯವಸ್ಥೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಜನ ಹರಿಯುತ್ತಿರಬೇಕು ಎಂಬುದು ಅದರ ವಾದ. 2021ರ ಜೂನ್‌ನಲ್ಲಿ ಸಾವಿರಾರು ಸಂಶೋಧಕರು ‘ನಾನೇ ಹಾನ್ನಾ’ ಎಂದು ತಮ್ಮ ತಮ್ಮ ಗುತ್ತಿಗೆಯ ಕತೆ ಬರೆದು ಆ ವಿಡಿಯೊವನ್ನು ಸಾರ್ವಜನಿಕ ನಗೆಪಾಟಲು ಮಾಡಿದರು. ವಿಡಿಯೊ ಹೋಯಿತು, ಕಾನೂನು ಇದೆ.

ನಾನು ಆ ನಿಲ್ದಾಣದಲ್ಲಿ ಕೆಲ ಕಾಲ ನಿಂತಿದ್ದವನು. ನಮ್ಮ ವಿಭಾಗದ ಒಂದು ಮಹಡಿಯಲ್ಲಿ ಇರಾನಿನವರು, ಬ್ರೆಜಿಲಿನವರು, ಬಂಗಾಳದವರು, ಪೋಲೆಂಡಿನವರು ಇದ್ದರು. ಊಟದ ಮೇಜಿನಲ್ಲಿ ಇಂಗ್ಲಿಷ್. ಮೇಲಿನ ಮಹಡಿಯಲ್ಲಿ ಕಾಯಂ ಪ್ರಾಧ್ಯಾಪಕರು. ಅಲ್ಲಿ ವಿಭಾಗದ ಸಭೆ ಜರ್ಮನ್‌ನಲ್ಲಿ. ಯಾರೂ ಯಾರನ್ನೂ ಹೊರಗಿಟ್ಟಿರಲಿಲ್ಲ. ಆದರೆ ಪರೀಕ್ಷಾ ನಿಯಮ, ಪಠ್ಯಕ್ರಮ, ಹಣದ ಹಂಚಿಕೆ, ಮುಂದಿನ ಹುದ್ದೆಯ ವಿಷಯ, ಇವೆಲ್ಲ ತೀರ್ಮಾನವಾಗುತ್ತಿದ್ದ ಭಾಷೆ ಬೇರೆ. ಕೆಳಗಿನ ಮಹಡಿಯಲ್ಲಿ ಎಷ್ಟು ಇಂಗ್ಲಿಷ್ ಲೇಖನ ಬರೆದರೂ ಮೆಟ್ಟಿಲು ಹತ್ತಲು ಆ ಭಾಷೆಯೇ ಬೇಕಿತ್ತು. ನಮ್ಮಲ್ಲಿ ಮೊದಲ ವರ್ಷವೇ ಸಂಜೆ ತರಗತಿಗೆ ಹೋಗಿ ಭಾಷೆ ಕಲಿತವರು ಆಮೇಲೆ ಅಲ್ಲೇ ನೆಲೆ ನಿಂತರು. ಅವರಿಗಿಂತ ಚುರುಕಾದವರು, ಭಾಷೆಯನ್ನು ನಾಳೆ ಕಲಿಯೋಣ ಎಂದವರು, ಮೂರನೆಯ ದೇಶಕ್ಕೆ ಅರ್ಜಿ ಹಾಕುತ್ತಿದ್ದರು.

ಜರ್ಮನಿಯ ಪ್ರಾಧ್ಯಾಪಕ ಹುದ್ದೆಗೆ ಇನ್ನೊಂದು ಕಟ್ಟಳೆಯಿದೆ. ತಾನಿರುವ ವಿಶ್ವವಿದ್ಯಾಲಯದಲ್ಲೇ ಸಾಮಾನ್ಯವಾಗಿ ಪ್ರಾಧ್ಯಾಪಕನಾಗುವ ಹಾಗಿಲ್ಲ; ಬೇರೆ ಊರಿನಿಂದ ಕರೆ ಬರಬೇಕು. ಸಮಿತಿ ಕೆಲವರನ್ನು ಕರೆಸಿ ಎಲ್ಲರೆದುರು ಉಪನ್ಯಾಸ ಮಾಡಿಸುತ್ತದೆ. ಅಭ್ಯರ್ಥಿಗಳು ಅದನ್ನು ತಮಾಷೆಗೆ ‘ಹಾಡಿ ತೋರಿಸಲು ಹೋಗುವುದು’ ಎನ್ನುತ್ತಾರೆ. ಆಮೇಲೆ ಮೂವರ ಪಟ್ಟಿ, ಮೊದಲನೆಯವರಿಗೆ ಕರೆ, ಅವರು ಒಲ್ಲೆ ಎಂದರೆ ಎರಡನೆಯವರಿಗೆ. ವರ್ಷಗಟ್ಟಲೆ ಹಿಡಿಯುತ್ತದೆ. ಈ ಹಾಡುವ ಸಂಪ್ರದಾಯದ ಬಗ್ಗೆ ಕೊನೆಯಲ್ಲಿ ಒಂದು ಮಾತು ಹೇಳಲಿಕ್ಕಿದೆ.

ಉಳಿದ ದೇಶಗಳನ್ನು ಬೇಗ ಮುಗಿಸುತ್ತೇನೆ. ಇಟಲಿಯಲ್ಲಿ 2010ರ ಕಾನೂನಿನಿಂದ ರಾಷ್ಟ್ರಮಟ್ಟದ ಅರ್ಹತಾ ಪತ್ರ ಬೇಕು. ಫ್ರಾನ್ಸ್‌ನಲ್ಲಿ ಕಾಯಂ ಹುದ್ದೆ ಬೇಗ ಸಿಕ್ಕೀತು, ಆದರೆ ಸ್ಪರ್ಧೆ ಫ್ರೆಂಚಿನಲ್ಲಿ. ಬ್ರಿಟನ್ 1988ರ ಶಿಕ್ಷಣ ಕಾಯ್ದೆಯಲ್ಲಿ ಹೊಸ ನೇಮಕಗಳಿಗೆ ಹಳೆಯ ಅರ್ಥದ ಟೆನ್ಯೂರನ್ನು ತೆಗೆದುಹಾಕಿತು. ಅಲ್ಲಿ ಈಗ ಕೆಲವು ವರ್ಷಕ್ಕೊಮ್ಮೆ ಸರ್ಕಾರ ವಿಭಾಗಗಳ ಸಂಶೋಧನೆಯನ್ನು ತೂಗಿ ಹಣ ಹಂಚುತ್ತದೆ, ಆ ತಕ್ಕಡಿಗೆ ಏನು ಹಾಕಬಲ್ಲಿರಿ ಎಂಬುದರ ಮೇಲೆ ನೇಮಕ. ಅಮೆರಿಕದಲ್ಲಿ ಅಧ್ಯಾಪಕರ ಸಂಘ ಮತ್ತು ಕಾಲೇಜುಗಳು 1940ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಪರೀಕ್ಷಾರ್ಥ ಅವಧಿ 7 ವರ್ಷ ಮೀರಬಾರದು. ಆಮೇಲೆ ಕಾಯಂ, ಇಲ್ಲವೇ ಮನೆ. ಮೇಲೆ ವೀಸಾ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದರು. ಸಮಾಜಶಾಸ್ತ್ರದ ವಿಭಾಗವೊಂದು ಒಬ್ಬ ಸಹಾಯಕ ಪ್ರಾಧ್ಯಾಪಕನಿಗಾಗಿ ಅಷ್ಟು ಹಣ ಕಟ್ಟುವುದನ್ನು ನಾನಂತೂ ಊಹಿಸಲಾರೆ.

ನಮ್ಮ ಬಾಗಿಲಿಗೆ ಬರೋಣ. ಇದು ಇನ್ನೂ ಸ್ವಾರಸ್ಯದ್ದು. ನೆಟ್, ಕೆ-ಸೆಟ್, ಮೀಸಲಾತಿ ರೋಸ್ಟರ್ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು 2018ರ ಯುಜಿಸಿ ನಿಯಮಾವಳಿಯ ಒಂದು ಉಪವಾಕ್ಯ. ಕ್ಯೂಎಸ್, ಟೈಮ್ಸ್, ಶಾಂಘೈ ಈ ಮೂರು ಪಟ್ಟಿಗಳಲ್ಲಿ ಯಾವುದಾದರೂ ಒಂದರಲ್ಲಿ, ಯಾವಾಗಲಾದರೂ ಒಮ್ಮೆ, ಮೊದಲ 500ರೊಳಗೆ ಬಂದ ವಿದೇಶಿ ವಿಶ್ವವಿದ್ಯಾಲಯದ ಪಿಎಚ್‌ಡಿ ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದೇ ಅರ್ಹತೆ. ಶಾಂಘೈ ಪಟ್ಟಿ 2003ರಲ್ಲಿ ಹುಟ್ಟಿದ್ದು ಚೀನಾದ ವಿಶ್ವವಿದ್ಯಾಲಯಗಳು ಜಗತ್ತಿನಲ್ಲಿ ಎಲ್ಲಿವೆ ಎಂದು ಅಳೆದುಕೊಳ್ಳಲು. ನೊಬೆಲ್ ಬಹುಮಾನಗಳನ್ನೂ ವಿಜ್ಞಾನ ಪತ್ರಿಕೆಗಳ ಲೇಖನಗಳನ್ನೂ ಎಣಿಸುವ ಪಟ್ಟಿ ಅದು. ಕೂಡಲಸಂಗಮದ ಜಾತ್ರೆಯ ಮೇಲೆ ಪ್ರಬಂಧ ಬರೆದ ಹುಡುಗಿಯ ಯೋಗ್ಯತೆಯನ್ನು ನಾವು ಆ ಪಟ್ಟಿಯಿಂದ ತೂಗುತ್ತೇವೆ. ಅವಳ ಗೈಡ್ ಯಾರು, ಪ್ರಬಂಧ ಹೇಗಿದೆ ಎಂದು ಕೇಳುವ ಕಾಲಂ ಅರ್ಜಿಯಲ್ಲಿ ಇರುವುದಿಲ್ಲ. ಒಳ್ಳೆಯ ಮಾನವಶಾಸ್ತ್ರ ವಿಭಾಗಗಳೆಲ್ಲ ಆ ಪಟ್ಟಿಯ ಮೊದಲ ಸಾಲುಗಳಲ್ಲೇ ಇರಬೇಕೆಂದಿಲ್ಲ. ಹೊರಗೆ ಅರ್ಜಿ ಹಾಕುವ ಮುನ್ನ, ಹಿಂತಿರುಗುವ ಮನಸ್ಸು ಒಂದಿಷ್ಟಾದರೂ ಇದ್ದವರು ಈ ನಿಯಮವನ್ನು ಮೂಲದಲ್ಲೇ ಓದಿಕೊಳ್ಳಬೇಕು. ಗೆಳೆಯರ ಬಾಯಿಮಾತು ಸಾಲದು. ನಿಯಮ ಬದಲಾಗುತ್ತಲೇ ಇರುತ್ತದೆ. ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್‌ಡಿ ಕಡ್ಡಾಯ ಎಂದ ಇದೇ ಯುಜಿಸಿ 2023ರಲ್ಲಿ ಅದನ್ನು ಕೈಬಿಟ್ಟಿತು.

ಹೀಗೆ ಬಾಗಿಲುಗಳ ಕತೆಯನ್ನೇ ಹೇಳುತ್ತಿದ್ದರೆ ಮನಸ್ಸು ಕುಗ್ಗುತ್ತದೆ. ಈ ಬಾಗಿಲುಗಳ ನಡುವೆ ನಡೆದುಹೋದ ನಮ್ಮವರೊಬ್ಬರನ್ನು ನೋಡೋಣ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾಲಯದ ಬಿ.ಎ. ಮುಗಿಸಿ ಮುಂಬಯಿಗೆ ಹೋಗಿ ಜಿ. ಎಸ್. ಘುರ್ಯೆಯವರ ಕೈಕೆಳಗೆ ಸೇರಿದರು. ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಅವರ ಮೊದಲ ಪುಸ್ತಕ 1942ರಲ್ಲಿ ಬಂತು. ಕೊಡವರ ಮೇಲೆ ಮುಂಬಯಿಯಲ್ಲಿ ಒಂದು ಪಿಎಚ್‌ಡಿ ಆಯಿತು. 1945ರಲ್ಲಿ, ಯುದ್ಧ ಮುಗಿದ ವರ್ಷ, ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್, ಅವರ ನಂತರ ಇವಾನ್ಸ್ ಪ್ರಿಚರ್ಡ್ ಗುರುಗಳು. ಕೊಡಗಿನ ಅದೇ ಸಾಮಗ್ರಿಯನ್ನು ಹೊಸ ಕಣ್ಣಿನಿಂದ ನೋಡಿ 1947ರಲ್ಲಿ ಎರಡನೆಯ ಡಾಕ್ಟರೇಟ್ ಪಡೆದರು. ಗಮನಿಸಬೇಕಾದ್ದು ಇದೇ: ದೇಶ ಬದಲಾಯಿತು, ಗುರು ಬದಲಾದರು, ಸಿದ್ಧಾಂತ ಬದಲಾಯಿತು, ಸಾಮಗ್ರಿ ಬದಲಾಗಲಿಲ್ಲ. ಹೊಸ ವಿಭಾಗದ ಫ್ಯಾಷನ್ನಿಗೆ ತಕ್ಕಂತೆ ವಿಷಯವನ್ನೇ ಬದಲಿಸಿ ನಾಲ್ಕು ವರ್ಷಕ್ಕೆ ನಾಲ್ಕು ಅರ್ಧ ಪುಸ್ತಕ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ.

1948ರಲ್ಲಿ ಆಕ್ಸ್‌ಫರ್ಡ್ ಅವರಿಗೆ ಭಾರತೀಯ ಸಮಾಜಶಾಸ್ತ್ರದ ಲೆಕ್ಚರರ್ ಹುದ್ದೆ ಕೊಟ್ಟಿತು. ಮೊದಲ ವರ್ಷವನ್ನು ಭಾರತದಲ್ಲಿ ಕ್ಷೇತ್ರಕಾರ್ಯಕ್ಕೆ ಕಳೆಯಬಹುದು ಎಂಬ ಏರ್ಪಾಡು ಅದರಲ್ಲಿತ್ತು. ಆ ವರ್ಷವೇ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕಳೆದದ್ದು. ಬರವಣಿಗೆಯಲ್ಲಿ ಆ ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟರು. ಹುದ್ದೆ ಇಂಗ್ಲೆಂಡಿನದು, ಸಂಬಳ ಇಂಗ್ಲೆಂಡಿನದು, ಮಲಗಿದ್ದು ಗೌಡರ ಕೊಟ್ಟಿಗೆ ಮನೆಯ ಕಡೆ. ಇವತ್ತಿನ ಯಾವ ಫೆಲೋಶಿಪ್ ಅರ್ಜಿಯಲ್ಲೂ ಇಂಥ ಉದಾರತೆಯನ್ನು ನಾನು ಕಂಡಿಲ್ಲ. ಈಗ ಆರು ತಿಂಗಳಿಗೊಂದು ವರದಿ, ವರ್ಷಕ್ಕೊಂದು ಲೇಖನ, ನಡುವೆ ನೈತಿಕ ಸಮಿತಿಯ ಅನುಮತಿ.

ಬಳಿಕ ಅವರು ಮಾಡಿದ್ದನ್ನು ಇವತ್ತಿನ ಸಲಹೆಗಾರರು ಕೇಳಿದರೆ ತಲೆ ಮೇಲೆ ಕೈ ಹೊತ್ತುಕೊಂಡಾರು. 1951ರಲ್ಲಿ ಆಕ್ಸ್‌ಫರ್ಡ್ ಬಿಟ್ಟು, ಆಗಿನ್ನೂ ಎರಡು ವರ್ಷದ ಕೂಸಾಗಿದ್ದ ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಬಂದರು. ಹನ್ಸಾ ಮೆಹ್ತಾ ಕುಲಪತಿ. ಸಮಾಜಶಾಸ್ತ್ರದ ವಿಭಾಗವನ್ನು ಶೂನ್ಯದಿಂದ ಕಟ್ಟುವ ಕೆಲಸ. 1959ರಲ್ಲಿ ದೆಹಲಿ, ಅಲ್ಲೂ ಅದೇ ಕೆಲಸ. 1972ರಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಐಸೆಕ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದಾಗ ಅಲ್ಲಿಗೆ. ಊರಿಂದ ಹೊರಟು ಊರಿಗೆ ಬಂದ ಹಾಗೆ ಕಾಣುತ್ತದೆ, ಆದರೆ ಬರೋಡಕ್ಕೆ ಬಂದ ಮೇಲೂ ಅವರು ಹೊರಗೆ ಹೋಗುವುದನ್ನು ನಿಲ್ಲಿಸಲಿಲ್ಲ. 1963ರಲ್ಲಿ ಬರ್ಕ್ಲಿಯಲ್ಲಿ ಕೊಟ್ಟ ಉಪನ್ಯಾಸಗಳು 1966ರಲ್ಲಿ ಆಧುನಿಕ ಭಾರತದ ಸಾಮಾಜಿಕ ಬದಲಾವಣೆಯ ಪುಸ್ತಕವಾದವು.

ಅವರು ಎಲ್ಲೆಲ್ಲಿ ಬರೆದರು ಎಂದು ನೋಡಿ. ಕೊಡವರ ಪುಸ್ತಕ 1952ರಲ್ಲಿ ಆಕ್ಸ್‌ಫರ್ಡಿನಿಂದ. ರಾಂಪುರದ ಮೊದಲ ಚಿತ್ರ 1951ರಲ್ಲಿ ಮುಂಬಯಿಯ ‘ಎಕನಾಮಿಕ್ ವೀಕ್ಲಿ’ ಎಂಬ ವಾರಪತ್ರಿಕೆಯಲ್ಲಿ; ಅದೇ ಮುಂದೆ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಆಯಿತು. ಸಂಸ್ಕೃತೀಕರಣದ ಟಿಪ್ಪಣಿ 1956ರಲ್ಲಿ ಅಮೆರಿಕದ ಏಷ್ಯಾ ಅಧ್ಯಯನದ ಪತ್ರಿಕೆಯಲ್ಲಿ. ಪ್ರಬಲ ಜಾತಿಯ ಲೇಖನ 1959ರಲ್ಲಿ ‘ಅಮೆರಿಕನ್ ಆಂತ್ರೊಪಾಲಜಿಸ್ಟ್’ನಲ್ಲಿ. ಒಂದೇ ಹಳ್ಳಿಯ ದಿನಚರಿ, ಮೂರು ಖಂಡದ ಓದುಗರು. ಇವುಗಳಲ್ಲಿ ವಾರಪತ್ರಿಕೆಯ ಲೇಖನಕ್ಕೆ ಇವತ್ತು ಹೊರದೇಶದ ಆಯ್ಕೆ ಸಮಿತಿಯ ಎದುರು ಹೆಚ್ಚು ಬೆಲೆ ಸಿಗಲಿಕ್ಕಿಲ್ಲ. ಆದರೆ ರೈತರ, ಜಾತಿಗಳ, ಪಂಚಾಯಿತಿಗಳ ಬಗ್ಗೆ ದೇಶದೊಳಗೆ ಚರ್ಚೆ ಎದ್ದದ್ದು ಅಂಥ ಕಡೆಯೇ.

1970ರ ಏಪ್ರಿಲ್ 24ರ ಘಟನೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರದಲ್ಲಿ ಅವರು ರಾಂಪುರದ ಪುಸ್ತಕ ಬರೆಯಲು ಕೂತಿದ್ದರು. ವಿಯೆಟ್ನಾಂ ಯುದ್ಧದ ಪ್ರತಿಭಟನೆಗಳ ಕಾಲ. ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ಸಹೋದ್ಯೋಗಿ ಸೋಲ್ ಟ್ಯಾಕ್ಸ್, ನೆನಪಿನಿಂದಲೇ ಬರೆಯಿರಿ ಎಂದರು. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಹಾಗೆ ಹುಟ್ಟಿದ್ದು. ಇದನ್ನು ಎಲ್ಲರೂ ಪವಾಡದ ಕತೆಯಂತೆ ಹೇಳುತ್ತಾರೆ. ನನಗೆ ಅದರಲ್ಲಿ ಪವಾಡ ಕಾಣುವುದಿಲ್ಲ. ಕನ್ನಡ ಅವರು ಹುಟ್ಟಿ ಬೆಳೆದ ಊರಿನ ಮಾತಾಗಿರದಿದ್ದರೆ, ಆ ಹಳ್ಳಿಗೆ ಮತ್ತೆ ಮತ್ತೆ ಹೋಗಿರದಿದ್ದರೆ, ಇಪ್ಪತ್ತೆರಡು ವರ್ಷಗಳ ಆಚೆಯದನ್ನು ಯಾವ ನೆನಪೂ ಕೊಡುತ್ತಿರಲಿಲ್ಲ.

ಹಿಂತಿರುಗದೆ ಉಳಿದವರ ಕತೆಯೂ ಇದೆ. ಕವಿ ಎ. ಕೆ. ರಾಮಾನುಜನ್ ಬೆಳಗಾವಿಯಲ್ಲಿ, ಬರೋಡದಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಇಂಡಿಯಾನಾಕ್ಕೆ ಹೋದರು. 1963ರಲ್ಲಿ ಕನ್ನಡ ವ್ಯಾಕರಣದ ಮೇಲೆ ಭಾಷಾವಿಜ್ಞಾನದ ಪಿಎಚ್‌ಡಿ. ಅಷ್ಟರಲ್ಲಿ ಶಿಕಾಗೋ ಕರೆದಿತ್ತು. ಅಲ್ಲಿ ಅವರಿಗೆ ಕೆಲಸ ಕೊಟ್ಟದ್ದು ಇಂಗ್ಲಿಷ್ ಅಲ್ಲ, ದ್ರಾವಿಡ ಭಾಷೆಗಳು. ಇದನ್ನು ಪ್ರತಿಭೆಯಷ್ಟರಿಂದ ವಿವರಿಸಲಾಗದು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು, 1958ರಲ್ಲಿ ಅಮೆರಿಕ ರಕ್ಷಣಾ ಶಿಕ್ಷಣ ಕಾಯ್ದೆ ತಂದು ಹೊರದೇಶದ ಭಾಷೆಗಳ ಕಲಿಕೆಗೆ ಹಣ ಸುರಿಯಿತು. ಅದೇ ಕಾಲಕ್ಕೆ, ಅಮೆರಿಕದ ಪಿಎಲ್ 480 ಯೋಜನೆಯ ಗೋಧಿಗೆ ಭಾರತ ಕೊಟ್ಟ ರೂಪಾಯಿಗಳು ಅಮೆರಿಕದ ಲೆಕ್ಕದಲ್ಲಿ ಇಲ್ಲೇ ಬಿದ್ದಿದ್ದವು. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಹಣದಲ್ಲಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ನಮ್ಮ ಎಷ್ಟೋ ಕಾಲೇಜುಗಳ ಕಪಾಟಿನಲ್ಲಿ ಇಲ್ಲದ ಆ ಕಾಲದ ಕನ್ನಡ ಕಾದಂಬರಿಗಳು ಶಿಕಾಗೋದ ಕಪಾಟಿನಲ್ಲಿ ಇರುವುದಕ್ಕೆ ನಾವು ತಿಂದ ಗೋಧಿಯೇ ಕಾರಣ. ಶಿಕಾಗೋದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ತಮಗೆ ಸಂಗಂ ಕಾವ್ಯದ ಸಂಕಲನವೊಂದು ಸಿಕ್ಕಿದ್ದನ್ನು ರಾಮಾನುಜನ್ ಬರೆದುಕೊಂಡಿದ್ದಾರೆ. ಆ ಪುಸ್ತಕ ಯಾವ ಹಣದ್ದೇ ಇರಲಿ, ಅದನ್ನು ಓದುವ ಮನುಷ್ಯನಿಗೆ ಅಲ್ಲಿ ಕುರ್ಚಿ ಇದ್ದದ್ದು ಶೀತಲ ಸಮರದ ಕೃಪೆ. ಬಾಗಿಲು ತೆರೆದಿರುವ ಹೊತ್ತಿಗೆ ಅದರ ಮುಂದೆ ಸಿದ್ಧವಾಗಿ ನಿಂತಿರುವುದು ನಮ್ಮ ಕೈಲಿದೆ. ತೆರೆಸುವುದು ನಮ್ಮ ಕೈಲಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ಅನ್ಯಾಯವಾದೀತು. ಶ್ರೀನಿವಾಸರಿಗೂ ರಾಮಾನುಜನ್ನರಿಗೂ ಹಳ್ಳಿಯ ಪಡಸಾಲೆಯೋ ಕಾಲೇಜಿನ ಸ್ಟಾಫ್ ರೂಮೋ ಹುಟ್ಟಿನಿಂದಲೇ ತೆರೆದಿತ್ತು. ಅಂಬೇಡ್ಕರರಿಗೆ ಹಾಗಿರಲಿಲ್ಲ. ಅವರು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋದರು. 1916ರ ಮೇ ತಿಂಗಳಲ್ಲಿ, ಅಲ್ಲಿನ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಕರಾರಿನಂತೆ 1917ರಲ್ಲಿ ಬರೋಡಕ್ಕೆ ನೌಕರಿಗೆ ಬಂದಾಗ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಹಾಕಿದರು. ಕೊಲಂಬಿಯಾದ ಪದವಿ ಅಟ್ಲಾಂಟಿಕ್ ದಾಟಿ ಬಂತು, ಬರೋಡದ ಹೊಸಿಲು ದಾಟಲಿಲ್ಲ. ಇದೇ ಬರೋಡದಲ್ಲಿ ಮೂವತ್ತನಾಲ್ಕು ವರ್ಷದ ನಂತರ ಶ್ರೀನಿವಾಸರು ವಿಭಾಗ ಕಟ್ಟಿದರು ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಇದು ಹಳೆಯ ಕತೆ ಎನ್ನುವ ಹಾಗಿಲ್ಲ. ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ಮಕ್ಕಳಿಗೆ ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 125 ಜನಕ್ಕೆ. 2022ರಲ್ಲಿ ಅದರ ನಿಯಮ ಬದಲಾಯಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಅಧ್ಯಯನಕ್ಕೆ ಈ ಹಣ ಸಿಗದು. ಇಂಥ ವಿಷಯಗಳನ್ನು ಇಲ್ಲೇ ಓದಬಹುದಲ್ಲ ಎಂಬುದು ಸಮಜಾಯಿಷಿ. ಅಂದರೆ 1916ರ ಆ ಪ್ರಬಂಧಕ್ಕೆ, 1947ರ ಕೊಡಗಿನ ಪ್ರಬಂಧಕ್ಕೆ ಇವತ್ತು ಈ ಯೋಜನೆಯಲ್ಲಿ ಜಾಗವಿಲ್ಲ. ಮನೆಯಲ್ಲಿ ಹಣವಿದ್ದವರು ಹೋಗಿ ಭಾರತದ ಜಾತಿಯ ಬಗ್ಗೆ ಬರೆಯಬಹುದು, ಆ ಜಾತಿಯ ಏಟು ತಿಂದವರ ಮಕ್ಕಳು ಬೇರೆ ಏನಾದರೂ ಓದಿಕೊಳ್ಳಬೇಕು. ವೆಬರ್ 1917ರಲ್ಲಿ ಹೇಳಿದ್ದು ಇದನ್ನೇ ಅಲ್ಲವೇ? ಈ ನಿಯಮವನ್ನು ಸಮರ್ಥಿಸುವ ಒಂದು ವಾದವನ್ನೂ ನಾನು ಒಪ್ಪಲಾರೆ.

ಹೆಣ್ಣುಮಕ್ಕಳ ದಾರಿಯಲ್ಲಿ ಇನ್ನೂ ಒಂದು ತಿರುವು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿಗೆ ಹೋದರು. ಗೈಡ್ ಯೂಗೆನ್ ಫಿಷರ್. ಮುಂದೆ ನಾತ್ಸಿಗಳ ಜನಾಂಗ ವಿಜ್ಞಾನಕ್ಕೆ ಹೆಗಲು ಕೊಟ್ಟ ಮನುಷ್ಯ. ತಲೆಬುರುಡೆಗಳ ಅಸಮತೆ ಅಳೆದು ಜನಾಂಗಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದರು. ಗೈಡ್ ಬಯಸಿದ ಉತ್ತರ ಅದಾಗಿರಲಿಲ್ಲ. 1930ರಲ್ಲಿ ಪದವಿ ಬಂತು, ಊರಿಗೆ ಬಂದರೆ ಪ್ರಾಧ್ಯಾಪಕ ಹುದ್ದೆ ಕಾದಿರಲಿಲ್ಲ. ಮಹಿಳಾ ವಿಶ್ವವಿದ್ಯಾಲಯವೊಂದರಲ್ಲಿ ರಿಜಿಸ್ಟ್ರಾರ್ ಆಗಿ ಕಡತ ನೋಡಿಕೊಂಡರು. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸಿಕ್ಕಿತು. ಭಾರತದ ಬಂಧುತ್ವ ವ್ಯವಸ್ಥೆಯ ಮಹಾಗ್ರಂಥ 1953ರಲ್ಲಿ. ಇವತ್ತಿನ ಅರ್ಜಿಗಳಲ್ಲಿ ಪಿಎಚ್‌ಡಿ ಆಗಿ ಎಷ್ಟು ವರ್ಷದೊಳಗಿನವರು ಎಂಬ ಕಾಲಮಿತಿ ಇರುತ್ತದಲ್ಲ, ಆ ಗೆರೆಯ ಆಚೆಗೆ ಅವರು ಎಂದೋ ಬಿದ್ದಿರುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಸಂಶೋಧಕರಾದರೆ ಎರಡು ದೇಶದಲ್ಲಿ ಎರಡು ಅಡುಗೆ ಮನೆ. ಮಗು ಹುಟ್ಟಿದರೆ ಊರಿಂದ ಅತ್ತೆಯನ್ನೋ ಅಮ್ಮನನ್ನೋ ಮೂರು ತಿಂಗಳ ವೀಸಾದಲ್ಲಿ ಕರೆಸಿಕೊಳ್ಳಬೇಕು. ಇದನ್ನು ಯಾವ ಮಾರ್ಗದರ್ಶಿ ಪುಸ್ತಕವೂ ಬಜೆಟ್ಟಿನಲ್ಲಿ ತೋರಿಸುವುದಿಲ್ಲ.

ಇನ್ನು ಕೆಲವು ಸಣ್ಣ ಸಂಗತಿಗಳು. ಹೊರಗೆ ಅರ್ಜಿ ಹಾಕುವಾಗ ಶಿಫಾರಸು ಪತ್ರ ಯಾರಿಂದ ಎಂಬುದು ಮುಖ್ಯ. ದೊಡ್ಡ ಹೆಸರಿನವರ ನಾಲ್ಕು ಸಾಲಿಗಿಂತ ನಿಮ್ಮ ಅಧ್ಯಾಯವನ್ನು ನಿಜಕ್ಕೂ ಓದಿದವರ ಎರಡು ಪುಟ ಮೇಲು. ಅಮೆರಿಕದವರ ಪತ್ರದಲ್ಲಿ ಪ್ರತಿ ವಿದ್ಯಾರ್ಥಿಯೂ ತಲೆಮಾರಿಗೊಬ್ಬ. ಇಂಗ್ಲೆಂಡಿನವರು ‘ಪರವಾಗಿಲ್ಲ’ ಎಂದರೆ ಅದು ದೊಡ್ಡ ಹೊಗಳಿಕೆ. ನಮ್ಮವರು ನಡತೆ ಒಳ್ಳೆಯದು, ಭವಿಷ್ಯ ಉಜ್ವಲವಾಗಲಿ ಎಂದು ಮುಗಿಸುತ್ತಾರೆ. ಕೊಡುವ ಗುರುಗಳಿಗೆ ಇದನ್ನು ವಿನಯದಿಂದಲೇ ತಿಳಿಸಿಕೊಡಬೇಕು. ಪ್ರೊಫೆಸರಿಗೆ ಮೊದಲ ಪತ್ರ ಬರೆಯುವಾಗ ಮಾನ್ಯರೇ ಪೂಜ್ಯರೇ ಎಂಬ ಅರ್ಧ ಪುಟದ ಪೀಠಿಕೆ ಬೇಡ. ಅವರ ಯಾವ ಕೆಲಸ ಓದಿದ್ದೀರಿ, ನಿಮ್ಮ ಪ್ರಶ್ನೆ ಏನು, ಎರಡೇ ಪ್ಯಾರಾ.

ಪ್ರಕಟಣೆಯಲ್ಲಿ ಹಣದ ಲೆಕ್ಕ ತಿಳಿದಿರಲಿ. ‘ನೇಚರ್’ ಪತ್ರಿಕೆ 2021ರಲ್ಲಿ ಲೇಖನವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡಲು ಲೇಖಕರಿಂದ ಕೇಳಿದ ಶುಲ್ಕ 9,500 ಯೂರೊ. ನಮ್ಮ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ. ಒಂದು ವರ್ಷದ ಮೂಲ ವೇತನವನ್ನು ಪೂರಾ ಕೊಟ್ಟರೂ ಸಾಲದು. ನಮ್ಮ ಶಾಸ್ತ್ರದಲ್ಲಿ ಅಷ್ಟು ದುಬಾರಿ ಅಲ್ಲ, ಹಣ ಕೇಳದ ಒಳ್ಳೆಯ ಪತ್ರಿಕೆಗಳು ಇನ್ನೂ ಇವೆ. ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಶಿಯಾಲಜಿ’ಯನ್ನು 1957ರಲ್ಲಿ ಶುರು ಮಾಡಿದವರು ಫ್ರಾನ್ಸ್‌ನ ಲೂಯಿ ದ್ಯೂಮೊ ಮತ್ತು ಇಂಗ್ಲೆಂಡಿನ ಡೇವಿಡ್ ಪೊಕಾಕ್, ಹತ್ತು ವರ್ಷದಲ್ಲಿ ಅದು ದೆಹಲಿಗೆ ಬಂದು ನೆಲೆಸಿತು. ದಿಲ್ಲಿಯಲ್ಲಿ ಅಚ್ಚಾಗಿದ್ದನ್ನು ಪ್ಯಾರಿಸ್ಸಿನಲ್ಲಿ ಓದುತ್ತಾರೆ. ‘ಅಂತರರಾಷ್ಟ್ರೀಯ’ ಎಂದು ಹೆಸರಿನಲ್ಲೇ ಬರೆದುಕೊಂಡು, ಹಣ ಕಟ್ಟಿದರೆ ವಾರದೊಳಗೆ ಛಾಪಿಸುವ ಪತ್ರಿಕೆಗಳನ್ನು ಎಲ್ಲೂ ಓದುವುದಿಲ್ಲ.

ಹಿಂತಿರುಗುವುದು ಯಾವಾಗ ಎಂದು ಕೇಳುತ್ತಾರೆ. ಬರುವುದಾದರೆ ಮೊದಲ ಪೋಸ್ಟ್‌ಡಾಕ್ ಮುಗಿಯುವ ಹೊತ್ತಿಗೇ ಇಲ್ಲಿನ ಅರ್ಜಿಗಳು ಹೋಗುತ್ತಿರಬೇಕು ಎಂಬುದು ನನ್ನ ಅಭಿಪ್ರಾಯ. ತಡವಾದಷ್ಟೂ ಇಲ್ಲಿನ ನೇಮಕಾತಿಯ ಲೆಕ್ಕಕ್ಕೂ ನಿಮ್ಮ ಬಯೋಡೇಟಾಕ್ಕೂ ತಾಳೆಯಾಗುವುದಿಲ್ಲ. ಬಂದರೂ ನೇಮಕಾತಿ ಪ್ರಕಟಣೆ ವರ್ಷಗಟ್ಟಲೆ ಹೊರಡುವುದಿಲ್ಲ. 2023ರ ಕೊನೆಯಲ್ಲಿ ನಮ್ಮ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಕಾಯಮಾತಿಗಾಗಿ ಮುಷ್ಕರ ಹೂಡಿದ್ದನ್ನು ನೀವೆಲ್ಲ ನೋಡಿದಿರಿ. ಜರ್ಮನಿಯ ಹಾನ್ನಾಳಿಗೂ ನಮ್ಮ ಅತಿಥಿ ಉಪನ್ಯಾಸಕಿಗೂ ಸಂಬಳದಲ್ಲಿ ಅಜಗಜಾಂತರ, ಅನಿಶ್ಚಯದಲ್ಲಿ ಸ್ವಂತ ಅಕ್ಕತಂಗಿಯರು. ಹತ್ತು ಹದಿನೈದು ವರ್ಷ ಪಾಠ ಮಾಡಿದ ಅವರ ಜೊತೆಯಲ್ಲೇ ಹೊರಗಿನಿಂದ ಬಂದವರೂ ಅದೇ ಹುದ್ದೆಗೆ ನಿಲ್ಲುತ್ತಾರೆ. ಇಬ್ಬರಲ್ಲಿ ಯಾರು ಒಳ್ಳೆಯ ಮೇಷ್ಟರು ಎಂದು ತಿಳಿಯುವ ಬಗೆ ಹೇಗೆ?

ಹಾಡುವ ವಿಷಯಕ್ಕೆ ಬರುತ್ತೇನೆ ಎಂದಿದ್ದೆ. 2018ರ ನಿಯಮದಂತೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಂಕಗಳು ಸಂದರ್ಶನದ ಕರೆಪಟ್ಟಿಗೆ ಮಾತ್ರ, ಆಯ್ಕೆ ಸಂದರ್ಶನದಿಂದಲೇ. ಆ ಸಂದರ್ಶನ ಮುಚ್ಚಿದ ಬಾಗಿಲ ಹಿಂದೆ, ಕೆಲವೇ ನಿಮಿಷ. ಜರ್ಮನಿಯಲ್ಲಿ ನೂರೆಂಟು ದೋಷಗಳಿರಬಹುದು, ಆದರೆ ಅಭ್ಯರ್ಥಿ ವಿಭಾಗದ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂತ ಸಭೆಯಲ್ಲಿ ಪಾಠ ಮಾಡಿ ಪ್ರಶ್ನೆ ಎದುರಿಸಬೇಕು. ಸಮಿತಿ ಆಮೇಲೆ ಏನೇ ತೀರ್ಮಾನಿಸಲಿ, ಕೇಳಿದವರಿಗೆ ಗೊತ್ತಿರುತ್ತದೆ. ನಮ್ಮ ರಾಜ್ಯದ ಯಾವುದಾದರೂ ಒಂದು ವಿಶ್ವವಿದ್ಯಾಲಯ, ಒಂದೇ ಒಂದು ವಿಭಾಗ, ಮುಂದಿನ ನೇಮಕಾತಿಗೆ ಇದನ್ನು ಮಾಡಿ ನೋಡಲಿ ಎಂಬುದು ನನ್ನ ಕೋರಿಕೆ. ಸಂದರ್ಶನದ ಹಿಂದಿನ ದಿನ ಎಲ್ಲ ಅಭ್ಯರ್ಥಿಗಳಿಂದಲೂ ಮುಕ್ಕಾಲು ಗಂಟೆಯ ಪಾಠ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅವರಿಷ್ಟ, ಬಾಗಿಲು ತೆರೆದಿಟ್ಟು. ರೋಸ್ಟರಿಗೂ ಮೀಸಲಾತಿಗೂ ಇದು ಅಡ್ಡಿಯಲ್ಲ. ಬೇಕಾದದ್ದು ಒಂದು ಸಭಾಂಗಣ, ಒಂದು ಕಪ್ಪು ಹಲಗೆ, ಫಲಕಕ್ಕೆ ಅಂಟಿಸಲು ಒಂದು ಪ್ರಕಟಣೆ. ಇಲ್ಲಿ ಇಬ್ಬರು ಸಿಂಡಿಕೇಟ್ ಸದಸ್ಯರು ಕೂತಿದ್ದಾರೆ ಎಂದು ಅಧ್ಯಕ್ಷರು ಆಗಲೇ ಹೇಳಿದರು. ಅವರ ಉತ್ತರವನ್ನೇ ಮೊದಲು ಕೇಳೋಣ, ವಿದ್ಯಾರ್ಥಿಗಳ ಪ್ರಶ್ನೆಗಳು ಅದರ ನಂತರ.